ನಿವೃತ್ತರಿಗೆ ಪಾಠ ಬೇಡ, ಪಾತ್ರ ಕೊಡಿ

ನಿವೃತ್ತರಿಗಾಗಿ ತುಮಕೂರಿನಲ್ಲಿ ನಡೆಯುವ ಸಮಾರಂಭಗಳ ಆಹ್ವಾನ ಪತ್ರಿಕೆ ನೋಡಿ. ವೇದಿಕೆಯ ಮೇಲೆ ಕೂರುವವರ ಹೆಸರೇ ಅರ್ಧ ಪುಟ. ಎದುರಿಗೆ ಕೂರುವವರಿಗೆ ಕೂರುವುದೊಂದೇ ಕೆಲಸ. ಬಿ.ಪಿ., ಶುಗರ್ ತಪಾಸಣೆ, ಒಂದು ಉಪನ್ಯಾಸ, ಶಾಲು, ಹಾರ, ಊಟ. ವಯಸ್ಸಾದವರಿಗೆ ನೆಮ್ಮದಿ ಬೇಕು, ತಲೆಗೆ ಭಾರ ಹಾಕಬಾರದು ಎಂಬ ಕಾಳಜಿ ಇದರ ಹಿಂದಿದೆ. ಕಾಳಜಿ ನಿಜ, ತಿಳಿವಳಿಕೆ ತಪ್ಪು. ಅರವತ್ತಕ್ಕೆ ಅರಳು ಮರಳು ಎಂದು ಹಿಂದಿನವರು ಮುಖಕ್ಕೇ ಹೇಳುತ್ತಿದ್ದರು. ಅದನ್ನೇ ನಾವು ಶಾಲು ಹೊದಿಸಿ ಹೇಳುತ್ತಿದ್ದೇವೆ.

ಇಂಥ ಉಪನ್ಯಾಸಗಳಲ್ಲಿ ಸಿದ್ಧಗಂಗೆಯ ಶಿವಕುಮಾರ ಸ್ವಾಮೀಜಿಯವರ ಹೆಸರು ಬಂದೇ ಬರುತ್ತದೆ. 1907ರಲ್ಲಿ ಹುಟ್ಟಿ 2019ರ ಜನವರಿ 21ರಂದು, 111ನೇ ವಯಸ್ಸಿನಲ್ಲಿ ಲಿಂಗೈಕ್ಯರಾದವರು. ಆದರೆ ಭಾಷಣಕಾರರ ಕಣ್ಣೆಲ್ಲ ಅವರ ಮಿತಾಹಾರದ ಮೇಲೆ: ಎಷ್ಟು ಇಡ್ಲಿ, ಎಷ್ಟು ಹೊತ್ತಿಗೆ. ನೂರು ದಾಟಿದ ಮೇಲೂ ಸಾವಿರಾರು ಮಕ್ಕಳ ಅನ್ನ, ಅಕ್ಷರ, ಆಶ್ರಯದ ಹೊಣೆ ಅವರ ತಲೆಯ ಮೇಲಿತ್ತು ಎಂಬುದನ್ನು ಯಾರೂ ಎತ್ತುವುದಿಲ್ಲ. ಇಡ್ಲಿಯನ್ನು ಅನುಕರಿಸುವುದು ಸುಲಭ. ದಾಸೋಹದ ಹೊಣೆಯಲ್ಲಿ ಚೂರು ಪಾಲನ್ನಾದರೂ ನಿವೃತ್ತರಿಗೆ ವಹಿಸೋಣ ಎಂದರೆ, ‘ಪಾಪ, ಅವರಿಗ್ಯಾಕೆ ತೊಂದರೆ’ ಎನ್ನುತ್ತೇವೆ.

ತೊಂದರೆಯೇ ಔಷಧ ಎಂಬುದು ಗುಬ್ಬಿ ಸೀಮೆಗೆ ಹೊಸ ಮಾತಲ್ಲ. ಗುಬ್ಬಿಯಲ್ಲಿ ಚನ್ನಬಸವೇಶ್ವರ ನಾಟಕ ಕಂಪನಿ ಹುಟ್ಟಿದ್ದು 1884ರಲ್ಲಿ. ಅದನ್ನು ನಾಡಿನ ತುಂಬ ಹೆಸರಾಗಿಸಿದವರು ಗುಬ್ಬಿ ವೀರಣ್ಣ. ವೃತ್ತಿ ಕಂಪನಿಗಳ ಕಾಲ ಮುಗಿದರೂ ನಾಟಕದ ಹುಚ್ಚು ಬಿಟ್ಟಿಲ್ಲ. ಹಳ್ಳಿಹಳ್ಳಿಯಲ್ಲಿ ಇವತ್ತಿಗೂ ‘ಕುರುಕ್ಷೇತ್ರ’ ಕಟ್ಟುತ್ತಾರೆ. ನಿವೃತ್ತ ಮೇಷ್ಟ್ರು ಧರ್ಮರಾಯನಾಗುತ್ತಾರೆ, ನಿವೃತ್ತ ಕಂಡಕ್ಟರು ಶಕುನಿ. ಹಾರ್ಮೋನಿಯಂ ಮೇಷ್ಟ್ರ ಮುಂದೆ ತಿಂಗಳುಗಟ್ಟಲೆ ಅಭ್ಯಾಸ. ಶ್ರುತಿ ತಪ್ಪಿದರೆ ತನ್ನ ಅರ್ಧ ವಯಸ್ಸಿನವನಿಂದ ಬೈಗುಳ. ಕಂದಪದ್ಯ ಬಾಯಿಪಾಠವಾಗಬೇಕು, ರಾತ್ರಿಯಿಡೀ ನಿಲ್ಲಬೇಕು, ಮಾತು ಮರೆತರೆ ಸೀನರಿಯ ಮುಂದೆ ಇಡೀ ಊರಿನ ಎದುರೇ ಮರೆಯಬೇಕು. ಮಾನದ ಪ್ರಶ್ನೆ! ಯಾವ ಉಪನ್ಯಾಸ ಕೇಳಿಸಿಕೊಳ್ಳುವವನನ್ನು ಇಷ್ಟು ದುಡಿಸುತ್ತದೆ?

ಇದಕ್ಕೆ ಒಂದು ಅಧ್ಯಯನದ ಬೆಂಬಲವೂ ಇದೆ. ಅಮೆರಿಕದ ಡಲ್ಲಾಸ್‌ನ ಮನೋವಿಜ್ಞಾನಿ ಡೆನೀಸ್ ಪಾರ್ಕ್ ಅವರ ತಂಡ 60ರಿಂದ 90ರ ವಯಸ್ಸಿನವರಲ್ಲಿ ಕೆಲವರಿಗೆ ಡಿಜಿಟಲ್ ಫೋಟೊಗ್ರಫಿ, ಕೆಲವರಿಗೆ ಕೌದಿ ಹೊಲಿಗೆ ಕಲಿಸಿತು. ವಾರಕ್ಕೆ ಸುಮಾರು 15 ಗಂಟೆಯಂತೆ ಮೂರು ತಿಂಗಳು. ಇನ್ನೊಂದು ಗುಂಪು ಅಷ್ಟೇ ಹೊತ್ತನ್ನು ಹರಟೆ, ಆಟ, ಸುತ್ತಾಟದಲ್ಲಿ ಕಳೆಯಿತು. 2014ರಲ್ಲಿ ಅಚ್ಚಾದ ಫಲಿತಾಂಶದ ಪ್ರಕಾರ ನೆನಪು ಚುರುಕಾದದ್ದು ಹೊಸ ವಿದ್ಯೆಗೆ ಹೆಣಗಿದವರದು. ಬರೀ ಕೂಡಿ ನಲಿದವರದಲ್ಲ. ಒಂದು ಅಧ್ಯಯನದಿಂದ ಎಲ್ಲವೂ ತೀರ್ಮಾನವಾಗದು, ನಿಜ. ಆದರೂ ಉದ್ಯಾನದ ನಗೆಕೂಟವೊಂದೇ ಸಾಕೆನ್ನುವವರು ಇದನ್ನು ಓದಬೇಕು.

ಹಾಗಂತ ಪೌರಾಣಿಕ ನಾಟಕವನ್ನು ಹೊಗಳಿ ಸುಮ್ಮನಾಗುವಂತಿಲ್ಲ. ಅಲ್ಲಿ ಪಾತ್ರಕ್ಕೂ ರೇಟು ಉಂಟು. ದುರ್ಯೋಧನನಾಗಲು ಗಂಟಲಿಗಿಂತ ಜೇಬು ದೊಡ್ಡದಿರಬೇಕು. ದ್ರೌಪದಿಯ ಪಾತ್ರಕ್ಕೆ ಹೊರಗಿನಿಂದ ಕಲಾವಿದೆಯನ್ನು ಕರೆಸುತ್ತಾರೆ. ಊರಿನ ಹೆಂಗಸರಿಗೆ ಚಾಪೆಯ ಮೇಲಿನ ಜಾಗವೇ ಗತಿ. ಪಿಂಚಣಿ ಬರುವ ಗಂಡಸಿನ ವೃದ್ಧಾಪ್ಯಕ್ಕೆ ಮಾತ್ರ ಇಲ್ಲಿ ಬಣ್ಣ ಹಚ್ಚಲಾಗುತ್ತದೆ.

‘ನಿವೃತ್ತರು’ ಎಂದಾಗ ನಮ್ಮ ಕಣ್ಣ ಮುಂದೆ ಬರುವುದೂ ಆತನೇ. ಕುಣಿಗಲ್ ಕಡೆಯ ರಾಗಿ ಹೊಲದ ಅಜ್ಜಿಗೆ ಯಾರು ಬೀಳ್ಕೊಡುಗೆ ಕೊಟ್ಟಿದ್ದಾರೆ? ಮಗ, ಸೊಸೆ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾರೆ. ಹಸು, ಮೊಮ್ಮಗು, ಒಲೆ ಅವಳ ಪಾಲು. ಸಂಧ್ಯಾ ಸುರಕ್ಷಾ ಯೋಜನೆಯ ತಿಂಗಳ 1,200 ರೂಪಾಯಿ ಬಂದರೂ ದುಡಿಮೆ ತಪ್ಪದು. ಅವಳಿಗೆ ‘ಚಟುವಟಿಕೆಯಿಂದಿರಿ’ ಎಂದು ಬುದ್ಧಿ ಹೇಳುವುದು ಕುಚೋದ್ಯ. ಅವಳ ಬಾಯಲ್ಲಿ ಸೋಬಾನೆ ಪದಗಳಿವೆ, ಯಾವ ಮಳೆಗೆ ಯಾವ ಬಿತ್ತನೆ ಎಂಬ ಲೆಕ್ಕವಿದೆ. ಅದನ್ನು ಯಾರೂ ವಿದ್ಯೆಯೆಂದು ಎಣಿಸುವುದಿಲ್ಲ. ಅಕ್ಷರ ಕಲಿಸಬೇಕು ಎಂದಾಗ ಮಾತ್ರ ಅವಳ ನೆನಪು.

ಎಣಿಕೆಗೆ ಬಾರದ ಇಂಥ ವಿದ್ಯೆ ಪೇಟೆಯಲ್ಲೂ ಇದೆ. ತುಮಕೂರಿನಲ್ಲಿ ಎಚ್.ಎಂ.ಟಿ. ಕೈಗಡಿಯಾರ ಕಾರ್ಖಾನೆ ಇತ್ತು. 2016ರಲ್ಲಿ ಅದನ್ನು ಮುಚ್ಚುವ ತೀರ್ಮಾನವಾಯಿತು. ಕೂದಲೆಳೆಯಷ್ಟು ಸಣ್ಣ ಭಾಗಗಳನ್ನು ಜೋಡಿಸಿದ ಕೈಗಳು ಈ ಊರಲ್ಲೇ ಇವೆ. ಆ ಕೆಲಸಗಾರರನ್ನು ಕರೆದು ಕುರ್ಚಿ ಹಾಕಿ ಕೂರಿಸುವ ಬದಲು ಹುಡುಗರಿಗೆ ಕಲಿಸಲು ಒಂದು ಮೇಜು ಕೊಡಬಹುದು. ಗ್ರಾಮ ಪಂಚಾಯಿತಿಯ ಗ್ರಂಥಾಲಯಗಳಾದ ಅರಿವು ಕೇಂದ್ರಗಳಿಗೂ ಇದನ್ನೇ ಹೇಳಬೇಕು: ಕುಣಿಗಲ್ಲಿನ ಅಜ್ಜಿಯನ್ನು ಪದ ಕಲಿಸಲು ಕರೆಯಿರಿ, ಹೊತ್ತು ಅವಳ ಹಾಲು ಕರೆಯುವ ಕೆಲಸ ಮುಗಿದ ಮೇಲಿನದಾಗಿರಲಿ, ಸಂಭಾವನೆ ಶಾಲಿನ ರೂಪದಲ್ಲಿ ಬೇಡ, ದುಡ್ಡಿನ ರೂಪದಲ್ಲಿರಲಿ.