ಎರೆನೆಲದ ಅಡಿಪಾಯ ಮತ್ತು ತಿರುಪುಗಂಬ: ಒಂದು ವಿಮರ್ಶೆ

ಕಟ್ಟಡವನ್ನು ಅಧಿಷ್ಠಾನದಿಂದ ಮೇಲಕ್ಕೆ ಮಾತ್ರ ನೋಡುವುದು ಇತಿಹಾಸದ ಅಧ್ಯಾಪಕರಾದ ನಮ್ಮ ರೂಢಿ. ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವನು 1112ರಲ್ಲಿ ಇಟಗಿಯಲ್ಲಿ ಕಟ್ಟಿಸಿದ ದೇಗುಲದ ಕಂಬ, ಬಾಗಿಲುವಾಡ, ಶಿಖರಗಳನ್ನು ಬಣ್ಣಿಸಿ ದಣಿಯದ ನಾವು ಅದರ ಭಾರ ಹೊತ್ತ ನೆಲದ ಮಾತೆತ್ತುವುದು ಅಪರೂಪ. ಆದುದರಿಂದಲೇ ಹೆಲಿಕಲ್ ಪೈಲ್, ಅಂದರೆ ತಿರುಪುಗಂಬವು ಎಂಥ ಕಠಿಣ ನೆಲಕ್ಕೂ ತಕ್ಕ ಅಡಿಪಾಯವೆಂಬ ಪ್ರಶಂಸೆ ಕಿವಿಗೆ ಬಿದ್ದಾಗ, ಕಠಿಣವೆಂದರೆ ಯಾವ ಬಗೆಯ ಕಾಠಿಣ್ಯವೆಂದು ಕೇಳದೆ ಒಪ್ಪಿಬಿಡುತ್ತೇವೆ.

ಸಾಧನವು ಹೊಸದಲ್ಲ. ಅಂಧನಾಗಿದ್ದ ಐರಿಷ್ ಎಂಜಿನಿಯರ್ ಅಲೆಗ್ಸಾಂಡರ್ ಮಿಚೆಲ್ 1833ರಲ್ಲಿ ಇದಕ್ಕೆ ಪೇಟೆಂಟ್ ಪಡೆದನು. ಥೇಮ್ಸ್ ನದೀಮುಖದ ಮೇಪ್ಲಿನ್ ಮರಳುದಿಣ್ಣೆಯ ದೀಪಸ್ತಂಭದ ಕೆಲಸ 1838ರಲ್ಲಿ ಆರಂಭವಾಯಿತು. ಆತನಿಗೆ ಎದುರಾದದ್ದು ಮೆತ್ತನೆಯ ಮರಳು. ಯಲಬುರ್ಗಾ, ಕುಷ್ಟಗಿಗಳ ಎರೆನೆಲದ ತೊಡಕು ಬೇರೆಯೇ ಆಗಿದೆ. ಈ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗಿ ಬಿರಿಯುತ್ತದೆ. ಹಗುರವಾದ ಒಂದಂತಸ್ತಿನ ಮನೆಯನ್ನು ಎತ್ತಿ ಇಳಿಸಿ ಗೋಡೆಯನ್ನು ಸೀಳುತ್ತದೆ. ಇಲ್ಲಿ ಕಂಬವು ಭಾರ ಹೊತ್ತರೆ ಸಾಲದು, ಮನೆಯನ್ನು ನೆಲಕ್ಕೆ ಹಿಡಿದಿಡಲೂ ಬೇಕು.

ಈ ದೃಷ್ಟಿಯಿಂದ ತಿರುಪುಗಂಬದ ಯೋಗ್ಯತೆ ನಿರ್ವಿವಾದ. ಅದರ ಸುರುಳಿತಟ್ಟೆ ಉಬ್ಬುವ ಪದರದ ಕೆಳಗೆ ಲಂಗರಿನಂತೆ ಕಚ್ಚಿಕೊಳ್ಳುತ್ತದೆ. ಸಪೂರವಾದ ಉಕ್ಕಿನ ಕಾಂಡದಲ್ಲಿ ಮಣ್ಣಿನ ಹಿಡಿತಕ್ಕೆ ಸಿಕ್ಕುವ ಮೈ ಕಡಿಮೆ. ಕಾಂಕ್ರೀಟು ಗಟ್ಟಿಯಾಗುವವರೆಗೆ ಕಾಯಬೇಕಾಗಿಲ್ಲ. ತಿರುಗಿಸುವಾಗ ಎದುರಾಗುವ ಬಲವನ್ನು ಅಳೆದು ಕಂಬದ ಶಕ್ತಿಯನ್ನು ಅಂದಾಜಿಸಬಹುದೆನ್ನುತ್ತಾರೆ. ಇದೂ ನಿಜವೇ, ಆದರೆ ತಟ್ಟೆಯು ಮೇಲ್ಪದರದಲ್ಲೇ ನಿಂತರೆ, ವೈಶಾಖದ ಒಣ ಎರೆ ತೋರಿದ ಗಟ್ಟಿತನವು ಶ್ರಾವಣದಲ್ಲಿ ಉಳಿಯುವುದಿಲ್ಲ. ಗೋಡೆ ಹೊರುವ ತೊಲೆಗೂ ನೆಲಕ್ಕೂ ನಡುವೆ ತೆರಪು ಬಿಡದಿದ್ದರೆ ಮಣ್ಣು ಆ ತೊಲೆಯನ್ನೇ ಎತ್ತುತ್ತದೆ. ಆಗ ಕಂಬದ ಸಾಹಸವೆಲ್ಲ ವ್ಯರ್ಥ.

ಪ್ರಶಂಸಕರ ದೊಡ್ಡ ಲೋಪವೆಂದರೆ ಹೋಲಿಕೆಯ ಅಭಾವ. ಎರೆನೆಲಕ್ಕಾಗಿಯೇ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನ ಸಂಸ್ಥೆಯು ರೂಪಿಸಿದ, ಬುಡದಲ್ಲಿ ಗಡ್ಡೆಯಂತೆ ಅಗಲವಾದ ಕಾಂಕ್ರೀಟು ಕಂಬವು ಬಹುಕಾಲದಿಂದ ಬಳಕೆಯಲ್ಲಿದೆ. ಆಳವಾದ ಎರೆಯಲ್ಲಿ ಅದು ಕನಿಷ್ಠ 3.5 ಮೀಟರ್ ಇಳಿಯಬೇಕೆಂದು ಭಾರತೀಯ ಮಾನಕವೇ ವಿಧಿಸಿದೆ. ತತ್ತ್ವ ಒಂದೇ; ಉಪಕರಣ ಕೈಯಿಂದ ತಿರುಗಿಸುವ ಬೈರಿಗೆ. ಹೀಗಿರಲು ಯಂತ್ರ ತರಿಸಿ ಉಕ್ಕನ್ನು ಹೂಳುವುದಕ್ಕೆ ವಿಶೇಷ ಕಾರಣ ಬೇಕು.

ಗಂಗಾವತಿಯ ಗದ್ದೆಬಯಲಿನಲ್ಲಿ ಅಂಥ ಕಾರಣವಿದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ನೆಲ ನೆನೆದಿರುವಲ್ಲಿ ತೋಡಿದ ಕುಳಿಗೆ ನೀರು ನುಗ್ಗಿ ಕಾಂಕ್ರೀಟು ಕೆಡಬಹುದು; ತಿರುಪುಗಂಬಕ್ಕೆ ಕುಳಿಯೇ ಬೇಡ. ಆದರೆ ಅದೇ ನೀರು ಆ ಬಯಲಿನ ಕೆಲವು ಭಾಗಗಳಲ್ಲಿ ಸವುಳನ್ನೂ ತಂದಿದೆ. ಒದ್ದೆಯಾದ ಉಪ್ಪುನೆಲ ಉಕ್ಕನ್ನು ತಿನ್ನುತ್ತದೆ. ಕಂಬವು ಅತ್ಯಂತ ಸುಲಭವಾಗಿ ಇಳಿಯುವ ಎಡೆಯಲ್ಲೇ ಅದರ ಆಯುಸ್ಸು ಸಂದೇಹಾಸ್ಪದವಾಗುವುದೆಂಬುದನ್ನು ಪ್ರಶಂಸಕರು ಗಮನಿಸಿದಂತಿಲ್ಲ. ಸತುವಿನ ಲೇಪ ಆಯುಸ್ಸನ್ನು ಹೆಚ್ಚಿಸೀತು. ಆದರೂ ಮಣ್ಣಿನ ಉಪ್ಪನ್ನು ಪರೀಕ್ಷಿಸದೆ ಶಾಲೆ, ಆಸ್ಪತ್ರೆಗಳನ್ನು ಅದರ ಮೇಲೆ ನಿಲ್ಲಿಸುವುದು ಸಾಹಸವೇ ಸರಿ.

ಕೊಪ್ಪಳದ ಕಲ್ಲುನೆಲದಲ್ಲಂತೂ ಚರ್ಚೆಗೆ ಆಸ್ಪದ ಕಡಿಮೆ. ಗುಂಡುಕಲ್ಲು ಅಡ್ಡಬಂದರೆ ಸುರುಳಿತಟ್ಟೆ ಬಾಗುತ್ತದೆ. ಗರಸೋ ಬಂಡೆಯೋ ನಾಲ್ಕಡಿಯಲ್ಲೇ ಸಿಕ್ಕಿದರೆ ಅಲ್ಲಿಂದಲೇ ಬುನಾದಿ ಎಬ್ಬಿಸಬಹುದು. ಹಿರೇಬೆಣಕಲ್ಲಿನ ಬೃಹತ್ ಶಿಲಾಗೋರಿಗಳ ಚಪ್ಪಡಿಗಳು ಬರಿಯ ಬಂಡೆಯ ಮೇಲೆಯೇ ನಿಂತಿವೆ.