ಕಾವಲಿನ ಕಣ್ಣು: ನ್ಯಾಯಮೂರ್ತಿ ಸುಬ್ಬರಾಯರ ಭಿನ್ನಮತವನ್ನು ಕುರಿತು

ನ್ಯಾಯಮೂರ್ತಿ ಕೋಕಾ ಸುಬ್ಬರಾಯರ ಹೆಸರನ್ನು ಕೇಳಿದೊಡನೆ ಕಾನೂನು ಬಲ್ಲವರ ನೆನಪಿಗೆ ಬರುವುದು 1967ರ ಗೋಲಕನಾಥ್ ತೀರ್ಪು. ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರ ಸಂಸತ್ತಿಗೂ ಇಲ್ಲವೆಂದು ಸಾರಿದ ಆ ತೀರ್ಪು ಎಬ್ಬಿಸಿದ ಕೋಲಾಹಲದಲ್ಲಿ, ಅದಕ್ಕೆ ನಾಲ್ಕು ವರ್ಷಗಳಿಗೂ ಹಿಂದೆ, 1962ರ ಡಿಸೆಂಬರ್ 18ರಂದು, ಉತ್ತರ ಪ್ರದೇಶದ ಖರಕ್ ಸಿಂಗನ ಮೊಕದ್ದಮೆಯಲ್ಲಿ ಅವರು ಬರೆದ ಭಿನ್ನಮತವು ಸಾಮಾನ್ಯ ಓದುಗರ ಕಣ್ಣಿಗೆ ಬೀಳದೆಯೇ ಉಳಿಯಿತು. ಆ ನ್ಯಾಯಾಧೀಶರ ಕೀರ್ತಿಗೆ ನಿಜವಾದ ಆಧಾರ ಈ ಭಿನ್ನಮತವೆಂದು ನನ್ನ ನಂಬಿಕೆ. ವ್ಯಕ್ತಿಯ ಸ್ವಾತಂತ್ರ್ಯಕ್ಕೆ ಪೆಟ್ಟು ಬೀಳುವುದು ಸಂಕೋಲೆ ಕೈಗೆ ತಗುಲಿದಾಗ ಮಾತ್ರವಲ್ಲ, ಭಯವು ಮನಸ್ಸಿನಲ್ಲಿ ಮನೆಮಾಡಿದಾಗಲೇ ಎಂಬುದನ್ನು ನಮ್ಮ ನ್ಯಾಯಪೀಠದಿಂದ ಅಷ್ಟು ಸ್ಪಷ್ಟವಾಗಿ ಅದಕ್ಕೆ ಮೊದಲು ಯಾರೂ ನುಡಿದಿರಲಿಲ್ಲ. ಆದರೆ ಅದೊಂದು ಅಪೂರ್ಣ ಕೃತಿಯೂ ಹೌದು. ಅದರ ಅಪೂರ್ಣತೆಗೆ ಮುಂದೆ ಇನ್ನೊಬ್ಬ ಬಡಪಾಯಿ ಬೆಲೆ ತೆರಬೇಕಾಯಿತು.

ಸಂಗತಿ ಇಷ್ಟು. 1941ರಲ್ಲಿ ದರೋಡೆಯೊಂದರ ಸಂಬಂಧದಲ್ಲಿ ಖರಕ್ ಸಿಂಗನನ್ನು ಪೊಲೀಸರು ಹಿಡಿದರು. ಸಾಕ್ಷ್ಯ ದೊರೆಯದೆ ಬಿಟ್ಟುಬಿಟ್ಟರು. ಬಿಟ್ಟ ಮೇಲೂ ಅವನ ಹೆಸರಿನಲ್ಲಿ ಹಿಸ್ಟರಿ ಶೀಟನ್ನು ತೆರೆದು, ಪ್ರಾಂತ್ಯದ ಪೊಲೀಸ್ ನಿಯಮಾವಳಿಯ ಇಪ್ಪತ್ತನೆಯ ಅಧ್ಯಾಯಕ್ಕನುಸಾರವಾಗಿ ಅವನನ್ನು ಕಣ್ಗಾವಲಿಗೆ ಗುರಿಪಡಿಸಿದರು. ಆ ಅಧ್ಯಾಯದ 236ನೆಯ ನಿಯಮವನ್ನು ಓದುವಾಗ, ಒಬ್ಬ ಮನುಷ್ಯನ ಬಾಳನ್ನು ಆಡಳಿತದ ಭಾಷೆಯು ಎಷ್ಟು ನಿರ್ವಿಕಾರವಾಗಿ ತುಂಡು ತುಂಡಾಗಿ ವಿಂಗಡಿಸಬಲ್ಲದೆಂದು ಎದೆ ಮಿಡಿಯುತ್ತದೆ: ಮನೆಯ ಸುತ್ತ, ಮನೆಗೆ ಬರುವ ಹಾದಿಗಳಲ್ಲಿ ಗುಪ್ತವಾಗಿ ಕಾವಲಿರತಕ್ಕದ್ದು, ರಾತ್ರಿಯ ವೇಳೆ ಮನೆಗೆ ಭೇಟಿ ಕೊಡತಕ್ಕದ್ದು, ಸಬ್ ಇನ್ಸ್‌ಪೆಕ್ಟರಿಗಿಂತ ಕೆಳಗಿಲ್ಲದ ಅಧಿಕಾರಿಯು ಆಗಾಗ ಅವನ ನಡತೆ, ಒಡನಾಟ, ಆದಾಯ, ವೆಚ್ಚ, ಕಸುಬುಗಳನ್ನು ವಿಚಾರಿಸತಕ್ಕದ್ದು, ಅವನು ಮನೆಯಲ್ಲಿಲ್ಲದಿದ್ದರೆ ಪೇದೆಯೂ ಚೌಕೀದಾರನೂ ವರದಿ ಮಾಡತಕ್ಕದ್ದು, ಊರು ಬಿಟ್ಟು ಹೋದರೆ ವಿಚಾರಣಾ ಚೀಟಿಯ ಮೂಲಕ ಅವನ ಸಂಚಾರವನ್ನು ತಾಳೆ ನೋಡತಕ್ಕದ್ದು, ಇವೆಲ್ಲವನ್ನೂ ಹಿಸ್ಟರಿ ಶೀಟಿನಲ್ಲಿ ದಾಖಲಿಸತಕ್ಕದ್ದು. ಅರ್ಜಿದಾರನು ತನ್ನ ಅನುಭವವೆಂದು ಹೇಳಿಕೊಂಡದ್ದು ಇದಕ್ಕಿಂತ ಸ್ಥೂಲವಾಗಿತ್ತು. ನಡುರಾತ್ರಿಯಲ್ಲಿ ಬಾಗಿಲು ಬಡಿದು ಕೂಗುತ್ತಾರೆ. ನಿದ್ದೆಯಿಂದ ಎಬ್ಬಿಸಿ ಠಾಣೆಯವರೆಗೆ ನಡೆಸಿಕೊಂಡು ಹೋಗುತ್ತಾರೆ. ಪಕ್ಕದ ಊರಿಗೆ ಹೊರಟರೂ ಎಲ್ಲಿಗೆ, ಎಂದು ಹಿಂದಿರುಗುವುದು ಎಂಬುದನ್ನು ಚೌಕೀದಾರನಿಗೋ ಠಾಣೆಗೋ ತಿಳಿಸಿ ಹೋಗಬೇಕು. ಆ ಊರನ್ನು ಸೇರುವಷ್ಟರಲ್ಲಿ ಅಲ್ಲಿಯ ಠಾಣೆಗೆ ಸುದ್ದಿ ಮುಟ್ಟಿ, ಅಲ್ಲಿಯೂ ಇದೇ ಕಾವಲು ಆರಂಭವಾಗುತ್ತದೆ.

ಪೀಠದಲ್ಲಿದ್ದ ಆರು ಮಂದಿಯಲ್ಲಿ ನಾಲ್ವರ ಪರವಾಗಿ ನ್ಯಾಯಮೂರ್ತಿ ರಾಜಗೋಪಾಲ ಅಯ್ಯಂಗಾರರು ತೀರ್ಪನ್ನು ಬರೆದರು. ಅವರ ಬರವಣಿಗೆಯನ್ನು ಲಘುವಾಗಿ ತಳ್ಳಿಹಾಕುವಂತಿಲ್ಲ. ‘ಜೀವ’ವೆಂದರೆ ಕೇವಲ ಪಶುವಿನಂತೆ ಉಸಿರಾಡಿಕೊಂಡಿರುವುದಲ್ಲವೆಂದು ಅವರು ಒಪ್ಪಿದರು, ಪ್ರತಿಯೊಬ್ಬನ ಮನೆಯೂ ಅವನಿಗೆ ಕೋಟೆಯೆಂಬ ಇಂಗ್ಲೆಂಡಿನ ಪುರಾತನ ನ್ಯಾಯತತ್ತ್ವವನ್ನು ಆದರದಿಂದ ಸ್ಮರಿಸಿದರು, ರಾತ್ರಿಯ ಭೇಟಿಗೆ ಅವಕಾಶ ಕೊಟ್ಟಿದ್ದ ಭಾಗವನ್ನು ಅಸಿಂಧುವೆಂದು ಕಿತ್ತುಹಾಕಿದರು. ಆದರೆ ಅಲ್ಲಿಗೇ ನಿಂತರು. ಗುಪ್ತವಾಗಿರುವ ಕಾವಲು ಗುಪ್ತವಾಗಿರುವವರೆಗೆ ಯಾರ ಸಂಚಾರಕ್ಕೂ ಅಡ್ಡಿಯಲ್ಲ, ಅದು ತಿಳಿದು ಮನಸ್ಸು ನೊಂದರೆ ಅಂಥ ವೈಯಕ್ತಿಕ ಸಂವೇದನೆಯನ್ನು ರಕ್ಷಿಸುವುದು ಸಂವಿಧಾನದ ಉದ್ದೇಶವಲ್ಲ, ಖಾಸಗಿತನವೆಂಬುದು ನಮ್ಮ ಸಂವಿಧಾನವು ಭರವಸೆಯಿತ್ತ ಹಕ್ಕೇ ಅಲ್ಲ ಎಂಬುದು ಅವರ ನಿರ್ಣಯ. ಖಾಸಗಿತನವೇ ಹಕ್ಕಲ್ಲವೆಂದಾದರೆ ನಡುರಾತ್ರಿಯ ಬಾಗಿಲ ಬಡಿತವು ಯಾವ ಹಕ್ಕನ್ನು ಭಂಗಪಡಿಸಿತು? ಈ ಪ್ರಶ್ನೆಗೆ ಆ ತೀರ್ಪಿನಲ್ಲಿ ನನಗೆ ತೃಪ್ತಿಕರವಾದ ಉತ್ತರ ಕಾಣಲಿಲ್ಲ.

ಅವರ ಪರವಾಗಿ ಒಂದು ಮಾತನ್ನು ಹೇಳಲೇಬೇಕು. ಸಂವಿಧಾನವನ್ನು ರಚಿಸಿದವರು ಈ ವಿಷಯವನ್ನು ಅರಿಯದೆ ಬಿಟ್ಟವರಲ್ಲ. ಪತ್ರವ್ಯವಹಾರದ ಗೋಪ್ಯತೆಯನ್ನೂ ಅಕಾರಣವಾದ ಶೋಧನೆಯಿಂದ ರಕ್ಷಣೆಯನ್ನೂ ಹಕ್ಕುಗಳ ಪಟ್ಟಿಯಲ್ಲಿ ಸೇರಿಸಬೇಕೆಂಬ ಸಲಹೆಗಳು ಸಮಿತಿಯ ಮುಂದೆ ಬಂದಿದ್ದವು. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನೆಗಲ್ ನರಸಿಂಗರಾಯರು, ಸಂವಿಧಾನದ ಸಲಹೆಗಾರರಾಗಿ, ಅಂಥ ಹಕ್ಕಿನಿಂದ ಅಪರಾಧಗಳ ತನಿಖೆಗೆ ತೊಡಕಾದೀತೆಂದು ಆಕ್ಷೇಪಿಸಿದವರಲ್ಲೊಬ್ಬರು. ಹೀಗೆ ಬುದ್ಧಿಪೂರ್ವಕವಾಗಿ ಕೈಬಿಟ್ಟದ್ದನ್ನು ನ್ಯಾಯಾಲಯವು ಹಿಂಬಾಗಿಲಿನಿಂದ ಒಳತರಬಾರದೆಂಬ ಸಂಕೋಚ ಬಹುಮತದವರಲ್ಲಿ ಇದ್ದಿದ್ದರೆ ಅದು ನ್ಯಾಯಾಧೀಶರಿಗೆ ಅನುಚಿತವಾದ ಸಂಕೋಚವಲ್ಲ.

ಸುಬ್ಬರಾಯರು, ತಮ್ಮೊಡನೆ ಸಮ್ಮತಿಸಿದ ನ್ಯಾಯಮೂರ್ತಿ ಜೆ. ಸಿ. ಷಾ ಅವರ ಪರವಾಗಿಯೂ ಬರೆಯುತ್ತಾ, ಈ ಸಂಕೋಚವನ್ನು ದಾಟಿದ ರೀತಿ ವಿಶೇಷವಾದುದು. ಸಂವಿಧಾನದಲ್ಲಿಲ್ಲದ ಹಕ್ಕೊಂದನ್ನು ಅವರು ಸೃಷ್ಟಿಸಹೋಗಲಿಲ್ಲ. ಇರುವ ಹಕ್ಕಿನೊಳಗೆ ಏನೇನು ಅಡಕವಾಗಿದೆಯೆಂದು ಕೇಳಿದರು. ಸಂಚಾರ ಸ್ವಾತಂತ್ರ್ಯವೆಂದರೆ ಕಾಲುಗಳಿಗೆ ಅಡ್ಡಿಯಿಲ್ಲದೆ ಒಂದೆಡೆಯಿಂದ ಇನ್ನೊಂದೆಡೆಗೆ ಹೋಗುವುದಷ್ಟೇ ಆಗಿದ್ದರೆ, ಪೊಲೀಸನ ದೃಷ್ಟಿ ಬೆನ್ನ ಮೇಲೆ ನೆಟ್ಟಿರುವಾಗಲೂ ಮನುಷ್ಯನು ಸ್ವತಂತ್ರನೆಂದು ಹೇಳಬೇಕಾದೀತು. ಆದರೆ ಯಾರನ್ನು ಕಂಡರೆ ಏನು ಬರೆದುಕೊಳ್ಳುವರೋ, ಯಾರೊಡನೆ ಮಾತನಾಡಿದರೆ ಅವನಿಗೂ ನನಗೂ ಏನು ಅನರ್ಥವೊದಗುವುದೋ ಎಂಬ ಶಂಕೆಯಿಂದ ಹೆಜ್ಜೆಹೆಜ್ಜೆಗೂ ಕುಗ್ಗುವವನ ಪಾಲಿಗೆ ದೇಶವೆಲ್ಲವೂ ಸೆರೆಮನೆಯಾಗುತ್ತದೆ ಎಂಬುದು ಅವರ ವಾದದ ತಿರುಳು. ದೇಹಕ್ಕೆ ಹಾಕುವ ನಿರ್ಬಂಧಕ್ಕಿಂತ ಮನಸ್ಸಿಗೆ ಹಾಕುವ ನಿರ್ಬಂಧವು ಎಷ್ಟೋ ವೇಳೆ ಹೆಚ್ಚು ಫಲಕಾರಿಯಾದುದೆಂದೂ, ಯೋಜನಾಬದ್ಧವಾಗಿ ಒಬ್ಬನ ಏಕಾಂತದಲ್ಲಿ ಕೈಹಾಕುವುದಕ್ಕಿಂತ ಅವನ ಸುಖಸ್ವಾಸ್ಥ್ಯಗಳಿಗೆ ಮಾರಕವಾದುದು ಬೇರೊಂದಿಲ್ಲವೆಂದೂ ಅವರು ಕಂಡರು. ಆದಕಾರಣ ನಿಯಮವನ್ನು ಬಿಡಿಬಿಡಿಯಾಗಿ ನೋಡದೆ ಇಡಿಯಾಗಿ ನೋಡಿ, ಇಡಿಯಾಗಿ ರದ್ದುಪಡಿಸಬೇಕೆಂದರು. ರಾತ್ರಿಯ ಭೇಟಿಯನ್ನು ತೆಗೆದುಹಾಕಿ ಹಗಲಿನ ಬೇಹುಗಾರಿಕೆಯನ್ನು ಉಳಿಸುವುದು ರೋಗದ ಒಂದು ಲಕ್ಷಣಕ್ಕೆ ಔಷಧ ಕೊಟ್ಟಂತೆ ಎಂಬ ಅವರ ನಿಲುವಿನಲ್ಲಿ ವಿವೇಕವೂ ಇದೆ, ಕನಿಕರವೂ ಇದೆ. ಸಾಕ್ಷ್ಯವಿಲ್ಲದೆ ಬಿಡುಗಡೆಯಾದ ಸಂಶಯಾಸ್ಪದ ವ್ಯಕ್ತಿಯೊಬ್ಬನ ಒಳಗನ್ನು ಹೊಕ್ಕು ನೋಡುವ ಇಂಥ ಕಲ್ಪನಾಶಕ್ತಿ ನ್ಯಾಯಗ್ರಂಥಗಳಲ್ಲಿ ಸುಲಭವಾಗಿ ಸಿಕ್ಕುವುದಿಲ್ಲ.

ಅದೇ ಭಿನ್ನಮತದಲ್ಲಿ ಇನ್ನೊಂದು ಬೀಜವೂ ಇತ್ತು. ಒಂದೊಂದು ಮೂಲಭೂತ ಹಕ್ಕೂ ತನ್ನ ಬೇಲಿಯೊಳಗೆ ತಾನಿರತಕ್ಕದ್ದೆಂಬ, 1950ರ ಗೋಪಾಲನ್ ತೀರ್ಪಿನಿಂದ ಬಂದ ಮತವನ್ನು ಸುಬ್ಬರಾಯರು ನಿರಾಕರಿಸಿ, ಅವು ಒಂದರ ಮೇಲೊಂದು ಹರಡಿಕೊಂಡಿರುವಂಥವೆಂದು ಹೇಳಿದರು. 1970ರ ಬ್ಯಾಂಕ್ ರಾಷ್ಟ್ರೀಕರಣದ ಮೊಕದ್ದಮೆಯಲ್ಲಿ ಆ ಹಳೆಯ ಮತವನ್ನು ಬಹುಮತದಿಂದ ಕೆಡವಿ ಬರೆದವರು, ಅಂದು ಸುಬ್ಬರಾಯರೊಡನೆ ನಿಂತಿದ್ದ ಷಾ ಅವರೇ. 1978ರ ಮೇನಕಾ ಗಾಂಧಿ ತೀರ್ಪು ಅದನ್ನು ದೃಢಪಡಿಸಿತು.

ಇನ್ನು ದೋಷದ ವಿಚಾರ. ಉತ್ತರ ಪ್ರದೇಶದ ನಿಯಮಗಳಿಗೆ ಶಾಸನದ ಆಧಾರವಿರಲಿಲ್ಲ. ಅವು ಇಲಾಖೆಯ ಆದೇಶಗಳು ಮಾತ್ರವೆಂಬುದು ಎರಡೂ ಪಕ್ಷದವರಿಗೆ ಒಪ್ಪಿಗೆಯಾಗಿತ್ತು. ಕಾನೂನಿಲ್ಲದ ಮೇಲೆ ಹಕ್ಕಿನ ಭಂಗಕ್ಕೆ ಸಮರ್ಥನೆಯೇ ಇಲ್ಲವೆಂದು ಹೇಳಿ ಸುಬ್ಬರಾಯರು ಲೇಖನಿಯನ್ನು ಕೆಳಗಿಟ್ಟರು. ಹಾಗಾದರೆ ನಾಳೆ ಶಾಸಕಾಂಗವೇ ಇಂಥ ಕಾವಲಿಗೆ ಕಾನೂನಿನ ಮುದ್ರೆಯೊತ್ತಿದರೆ? ಎಂಥ ಅಪರಾಧಕ್ಕೆ, ಎಷ್ಟು ಕಾಲ, ಯಾರ ಮೇಲ್ವಿಚಾರಣೆಯಲ್ಲಿ ಅದನ್ನು ಸಹಿಸಬಹುದು? ಮನಸ್ಸಿನ ಭಯವನ್ನು ಅಷ್ಟು ಸೂಕ್ಷ್ಮವಾಗಿ ತೂಗಿದವರು ಈ ತೂಕದ ಕಲ್ಲನ್ನು ಮುಂದಿನವರಿಗೆ ಕೊಡದೆ ಹೋದರು. ಮಧ್ಯ ಪ್ರದೇಶದ ಗೋವಿಂದನೆಂಬವನು ಇದೇ ಬಗೆಯ ಕಾವಲಿನ ವಿರುದ್ಧ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕಾಗ, ಅಲ್ಲಿಯ ನಿಯಮಗಳಿಗೆ 1861ರ ಪೊಲೀಸ್ ಅಧಿನಿಯಮದ ಬೆಂಬಲವಿದ್ದುದರಿಂದ, ಖಾಸಗಿತನವು ಹಕ್ಕಾಗಿರಬಹುದೆಂದು ಒಪ್ಪಿಕೊಂಡ ನ್ಯಾಯಮೂರ್ತಿ ಮ್ಯಾಥ್ಯೂ ಅವರೇ 1975ರಲ್ಲಿ ಆ ನಿಯಮಗಳನ್ನು ಎತ್ತಿಹಿಡಿದರು. ರಾತ್ರಿಯ ಭೇಟಿಯೂ ಹಾಗೆ ಉಳಿಯಿತು.

ಗೋಲಕನಾಥ್ ತೀರ್ಪನ್ನು ಇದರ ಪಕ್ಕದಲ್ಲಿಟ್ಟರೆ ಅದೇ ಕೊರತೆ ಬೇರೊಂದು ರೂಪದಲ್ಲಿ ಕಾಣುತ್ತದೆ. ಅಲ್ಲಿದ್ದುದು ಪಂಜಾಬಿನ ಜಲಂಧರಿನಲ್ಲಿ ಐನೂರು ಎಕರೆಗೂ ಮೀರಿದ ಭೂಮಿಯನ್ನುಳ್ಳ ಕುಟುಂಬ. ಅವರ ಎದುರಿಗಿದ್ದುದು ಭೂಸುಧಾರಣೆಯ ಶಾಸನ. ಹನ್ನೊಂದು ಮಂದಿಯ ಪೀಠದಲ್ಲಿ ಆರಕ್ಕೆ ಐದರಂತೆ ಮುಖ್ಯ ನ್ಯಾಯಮೂರ್ತಿ ಸುಬ್ಬರಾಯರು ಜಯಗಳಿಸಿದರು. ಖರಕ್ ಸಿಂಗನ ನಿದ್ರೆಗೂ ಜಮೀನುದಾರನ ಜಮೀನಿಗೂ ಅವರು ಒಂದೇ ಎತ್ತರದ ಗೋಡೆಯನ್ನು ಕಟ್ಟಿದರು. ಹಕ್ಕುಗಳಲ್ಲಿ ಕೆಲವು ವ್ಯಕ್ತಿತ್ವದ ಒಳಗಿನಿಂದಲೇ ಬಂದವು, ಕೆಲವು ಸಮಾಜದ ಏರ್ಪಾಟಿನಿಂದ ಬಂದವು ಎಂಬ ತಾರತಮ್ಯಕ್ಕೆ ಅವರ ನ್ಯಾಯದರ್ಶನದಲ್ಲಿ ಸಾಕಷ್ಟು ಎಡೆಯಿರಲಿಲ್ಲ. ಉಳುವವನಿಗೆ ನೆಲ ದೊರೆಯಬೇಕೆಂದು ಹಂಬಲಿಸಿದ ಕಾಲದಲ್ಲಿ ಇದು ಸಣ್ಣ ಕೊರತೆಯಲ್ಲ. ವ್ಯಕ್ತಿಸ್ವಾತಂತ್ರ್ಯದ ಮಾತೆಂದರೆ ಉಳ್ಳವರ ಮಾತೆಂಬ ಅಪನಂಬಿಕೆಗೆ ಅವರ ಹೆಸರೂ ಕಾರಣವಾದುದು ದುರ್ದೈವ. ಆ ಅಪನಂಬಿಕೆಯನ್ನು ಕಳೆಯಬಲ್ಲ ಬರಹವನ್ನು ಅವರೇ 1962ರಲ್ಲಿ ಬರೆದಿದ್ದರು.

ಅರ್ಧಶತಮಾನ ಕಳೆದ ಮೇಲೆ ಅದಕ್ಕೆ ಮರುಜೀವ ಬಂದದ್ದು ಕರ್ನಾಟಕದವರೊಬ್ಬರ ನಿಮಿತ್ತದಿಂದ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು, ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ ಆಧಾರ್ ಯೋಜನೆಯನ್ನು ಪ್ರಶ್ನಿಸಿದಾಗ, ಸರ್ಕಾರದ ಪರವಾಗಿ ಎತ್ತಿದ ಆಕ್ಷೇಪಣೆಗಳಲ್ಲಿ ಖರಕ್ ಸಿಂಗನ ಮೊಕದ್ದಮೆಯ ಬಹುಮತವೇ ಒಂದು ಮುಖ್ಯ ಆಧಾರವಾಗಿತ್ತು. 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಮೂರ್ತಿಗಳು ಏಕಕಂಠದಿಂದ ಖಾಸಗಿತನವು ಮೂಲಭೂತ ಹಕ್ಕೆಂದು ಘೋಷಿಸಿದರು. ನ್ಯಾಯಮೂರ್ತಿ ನಾರಿಮನ್ ಅವರು ಮೂರು ಮಹಾ ಭಿನ್ನಮತಗಳಲ್ಲಿ ಒಂದೆಂದು ಸುಬ್ಬರಾಯರದನ್ನು ಎಣಿಸಿದರು. ಸುಬ್ಬರಾಯರು ಬಿಟ್ಟುಹೋದ ತೂಕದ ಕಲ್ಲೂ ಅಂದು ದೊರೆಯಿತು: ಕಾನೂನಿನ ಆಧಾರವಿರಬೇಕು, ಉದ್ದೇಶ ನ್ಯಾಯವಾದುದಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟು ಮಾತ್ರ ಹಕ್ಕಿನ ಮೇಲೆ ಕೈಯಿಡಬೇಕು.

ಈ ಅಳತೆ ಠಾಣೆಯ ಮೇಜಿನವರೆಗೆ ಬಂದು ತಲಪಿದೆಯೆಂದು ನಾನು ಹೇಳಲಾರೆ. ನಮ್ಮ ಬೆಂಗಳೂರಿನಲ್ಲಿ, ಮಂಗಳೂರಿನಲ್ಲಿ, ರೌಡಿ ಶೀಟು ತೆರೆಯುವ ಪದ್ಧತಿ ಇಂದಿಗೂ ಉಂಟು; ಹಬ್ಬವೋ ಚುನಾವಣೆಯೋ ಹತ್ತಿರವಾದಾಗ ಪಟ್ಟಿಯಲ್ಲಿರುವವರನ್ನು ಮೈದಾನಕ್ಕೆ ಕರೆಸಿ ಸಾಲಾಗಿ ನಿಲ್ಲಿಸಿ ಎಚ್ಚರಿಸುವ ಪರೇಡಿನ ಛಾಯಾಚಿತ್ರಗಳನ್ನು ಪತ್ರಿಕೆಗಳಲ್ಲಿ ಎಲ್ಲರೂ ನೋಡಿದ್ದೇವೆ. ಅವರಲ್ಲಿ ಘೋರ ಅಪರಾಧಿಗಳಿರಬಹುದು; ಸಮಾಜಕ್ಕೆ ಅವರಿಂದ ರಕ್ಷಣೆಯೂ ಬೇಕು. ಆದರೆ ಸಾಲಿನಲ್ಲಿ ನಿಂತವನ ಮೇಲೆ ಈಗ ಯಾವ ಮೊಕದ್ದಮೆಯಿದೆ, ಅವನ ಹೆಸರನ್ನು ಪಟ್ಟಿಗೆ ಸೇರಿಸುವ ಮೊದಲು ಅವನ ಮಾತನ್ನು ಕೇಳಿದರೇ, ಖುಲಾಸೆಯಾದ ಮೇಲೂ ಆ ಹೆಸರು ಅಲ್ಲಿ ಏಕಿದೆ, ಮುಖವನ್ನು ಊರಿಗೆಲ್ಲ ತೋರಿಸುವ ಅಧಿಕಾರವನ್ನು ಯಾವ ಶಾಸನ ಕೊಟ್ಟಿತು ಎಂಬ ಪ್ರಶ್ನೆಗಳನ್ನು ಆ ಛಾಯಾಚಿತ್ರದ ಕೆಳಗಿನ ಬರಹದಲ್ಲಿ ನಾನು ಕಂಡುದಿಲ್ಲ. 1962ರಲ್ಲಿ ಇಬ್ಬರು ನ್ಯಾಯಮೂರ್ತಿಗಳು ಕೇಳಿದ್ದು ಇವನ್ನೇ. ಪಟ್ಟಿಯನ್ನು ಕಾಲಕಾಲಕ್ಕೆ ಪರಿಶೀಲಿಸುವ ಹೊಣೆ ಇಲಾಖೆಯ ಹೊರಗಿನ ಒಬ್ಬ ಅಧಿಕಾರಿಗೆ ಸೇರುವವರೆಗೆ ಇವನ್ನು ಮತ್ತೆ ಮತ್ತೆ ಕೇಳಬೇಕಾಗಿದೆ.