ಛತ್ರಿ ಕೆಂಪಗಿದೆ, ಮುಖ ಎಲ್ಲಿದೆ?

ಮೂರು ವರ್ಷ ನಾನು ಆನ್‌ಲೈನ್‌ನಲ್ಲಿ ಬಟ್ಟೆ ಮಾರೋ ಒಂದು ಕಂಪನಿಗೆ ಫೋಟೋ ತೆಗೀತಿದ್ದೆ. ದಿನಕ್ಕೆ ಎಂಬತ್ತು, ತೊಂಬತ್ತು ಕುರ್ತಾ. ಬೊಮ್ಮನಹಳ್ಳಿಯ ಗೋಡೌನು, ಬಿಳಿ ಪರದೆ, ಎರಡು ಸಾಫ್ಟ್‌ಬಾಕ್ಸ್. ಎದುರಿಂದ ಒಂದು, ಪಕ್ಕದಿಂದ ಒಂದು, ಹಿಂದಿನಿಂದ ಒಂದು, ನೇಯ್ಗೆ ಕಾಣೋ ಹಾಗೆ ಹತ್ತಿರದಿಂದ ಒಂದು. ಮಾಡೆಲ್‌ನ ಮುಖವನ್ನು ಗದ್ದದ ಹತ್ತಿರ ಕತ್ತರಿಸಬೇಕು ಅನ್ನೋದು ನಮ್ಮಲ್ಲಿದ್ದ ನಿಯಮ. ಗಿರಾಕಿ ನೋಡಬೇಕಾದ್ದು ಬಟ್ಟೆ, ಹುಡುಗಿಯನ್ನಲ್ಲ.

ಸಂಜೆ ರಿಂಗ್ ರೋಡಿನ ಬಸ್ಸಲ್ಲಿ ಕಿಟಕಿ ಸೀಟು ಸಿಕ್ಕರೆ ನನ್ನದೇ ಫೋಟೋಗಳು ಶುರು. ಮಳೆ ಬಂದರಂತೂ ಹಬ್ಬ. ಗಾಜಿನ ಮೇಲೆ ಇಳಿಯೋ ನೀರು, ಆಚೆ ಕಡೆ ಕರಗಿದ ಹಾಗೆ ಕಾಣೋ ಬ್ರೇಕ್ ಲೈಟು, ಯಾರದೋ ರೇನ್‌ಕೋಟು. ಇದೆಲ್ಲ ನನ್ನ ಸ್ವಂತ ಕಣ್ಣು ಅಂತ ನಂಬಿಕೊಂಡಿದ್ದೆ. ಒಂದು ದಿನ ಆಫೀಸಿನ ಗೆಳೆಯನೊಬ್ಬ ಪೆನ್‌ಡ್ರೈವ್‌ನಲ್ಲಿ ಒಂದು ಸಾಕ್ಷ್ಯಚಿತ್ರ ತಂದುಕೊಟ್ಟು, ‘ನೀನು ಮಾಡ್ತಿರೋದನ್ನ ಈ ಮುದುಕ ಅರವತ್ತು ವರ್ಷದ ಹಿಂದೇನೇ ಮಾಡಿ ಮುಗಿಸಿದಾನೆ ನೋಡು’ ಅಂದ. ಮುದುಕನ ಹೆಸರು ಸಾಲ್ ಲೈಟರ್.

ಇವತ್ತು ಇನ್‌ಸ್ಟಾಗ್ರಾಮ್ ಇರೋರಿಗೆ ಲೈಟರ್ ಪರಿಚಯ ಬೇಕಾಗಿಲ್ಲ, ಹೆಸರು ಗೊತ್ತಿಲ್ಲದಿದ್ದರೂ ಅವನ ನಕಲುಗಳನ್ನ ನೋಡಿರ್ತೀರಿ. ಆವಿ ಹಿಡಿದ ಗಾಜು, ಹಿಂದೆ ಮಸುಕಾದ ಮನುಷ್ಯ, ಎಲ್ಲೋ ಒಂದು ಕಡೆ ಕೆಂಪು. ಮಳೆಗಾಲದಲ್ಲಿ ಚರ್ಚ್ ಸ್ಟ್ರೀಟಿಗೆ ಹೋದರೆ ಇಂಥ ಫೋಟೋಗೆ ಕಾಯ್ತಾ ನಿಂತ ಐದಾರು ಜನ ಖಾಯಂ ಸಿಗ್ತಾರೆ. ನಾನೂ ನಿಂತವನೇ, ಆದ್ದರಿಂದ ಬೈಯೋ ಹಕ್ಕು ನನಗಿದೆ.

ಲೈಟರ್ ಬಗ್ಗೆ ಎಲ್ಲರೂ ಹೇಳೋ ಕಥೆ ಹೀಗೆ. 1923ರಲ್ಲಿ ಪಿಟ್ಸ್‌ಬರ್ಗಿನ ಒಬ್ಬ ಯಹೂದಿ ಧರ್ಮಪಂಡಿತನ ಮನೆಯಲ್ಲಿ ಹುಟ್ಟಿದ. ಅಪ್ಪನ ದಾರಿ ಹಿಡಿಯಬೇಕಿದ್ದ ಹುಡುಗ ಓದು ಬಿಟ್ಟು 1946ರಲ್ಲಿ ಚಿತ್ರಕಾರನಾಗೋಕೆ ನ್ಯೂಯಾರ್ಕಿಗೆ ಓಡಿದ. ಹೊಟ್ಟೆಪಾಡಿಗೆ ಹಾರ್ಪರ್ಸ್ ಬಜಾರ್‌ನಂಥ ಪತ್ರಿಕೆಗಳಿಗೆ ಫ್ಯಾಷನ್ ಫೋಟೋ ತೆಗೆದ. ಮಿಕ್ಕ ಹೊತ್ತಲ್ಲಿ ಮನೆ ಸುತ್ತಮುತ್ತಲ ಬೀದಿಗಳಲ್ಲಿ ತನ್ನ ಖುಷಿಗೆ ಬಣ್ಣದ ಸ್ಲೈಡ್ ತೆಗೆದು ಡಬ್ಬಿಗೆ ಹಾಕಿಟ್ಟ. 2006ರಲ್ಲಿ ‘ಅರ್ಲಿ ಕಲರ್’ ಪುಸ್ತಕ ಬಂತು, ಎಂಬತ್ತು ದಾಟಿದ ಮೇಲೆ ಜಗತ್ತು ಅವನನ್ನ ಕಂಡುಹಿಡಿಯಿತು. 2013ರಲ್ಲಿ ತೀರಿಕೊಂಡ. ಕೆಲಸ ಬೇರೆ, ಕಲೆ ಬೇರೆ. ಸಂಬಳದ್ದು ಸುಳ್ಳು, ಡಬ್ಬಿಯಲ್ಲಿದ್ದದ್ದು ನಿಜ. ನಮ್ಮಂಥ ಒಂಬತ್ತರಿಂದ ಏಳು ದುಡಿಯೋರಿಗೆ ಇದಕ್ಕಿಂತ ಸಮಾಧಾನದ ಕಥೆ ಬೇಕಾ?

ನಾನೂ ಇದನ್ನ ಪ್ರಸಾದದ ಥರ ಕಣ್ಣಿಗೊತ್ತಿಕೊಂಡಿದ್ದೆ. ಆಮೇಲೆ ಅವನ ಫ್ಯಾಷನ್ ಕೆಲಸ ಹುಡುಕಿ ನೋಡಿದೆ. ನೋಡಿದರೆ ಕಥೆ ನಿಲ್ಲಲ್ಲ. ಆ ಪತ್ರಿಕೆಯ ಪುಟಗಳಲ್ಲೂ ಅವನು ಗಾಜಿನಾಚೆಯಿಂದಲೇ ನೋಡ್ತಾನೆ. ದುಬಾರಿ ಕೋಟು ಹಾಕಿದ ಮಾಡೆಲ್ಲು ಕನ್ನಡಿಯಲ್ಲಿ ಅರ್ಧ ಕಾಣ್ತಾಳೆ, ಅಥವಾ ಮುಂದೆ ಯಾವುದೋ ಅಡ್ಡ ಬಂದು ಅವಳು ಹಿಂದೆಲ್ಲೋ ಚಿಕ್ಕದಾಗಿರ್ತಾಳೆ. ನನ್ನ ಹಳೇ ಮ್ಯಾನೇಜರ್ ನೋಡಿದ್ದರೆ ‘ಪ್ರಾಡಕ್ಟ್ ಎಲ್ರೀ?’ ಅಂತಿದ್ದರು. ಹೆನ್ರಿ ವುಲ್ಫ್ ಎಂಬ ಕಲಾ ನಿರ್ದೇಶಕ 1958ರಲ್ಲಿ ಬಜಾರ್‌ಗೆ ಬಂದು ಇಂಥವನ್ನ ಅಚ್ಚು ಹಾಕಿದ. ಅಂದರೆ ಕೆಲಸದಲ್ಲಿ ಒಂದು ಕಣ್ಣು, ಮನೆಯಲ್ಲಿ ಇನ್ನೊಂದು ಅಂತ ಇರಲಿಲ್ಲ. ಬೀದಿಯಲ್ಲಿ ಕಲಿತದ್ದನ್ನ ಕೆಲಸಕ್ಕೆ ತಂದ, ಕೆಲಸದಲ್ಲಿ ಪಳಗಿದ್ದನ್ನ ಬೀದಿಗೆ ಒಯ್ದ. ಅವನ ಬೀದಿ ಚಿತ್ರಗಳಲ್ಲಿ ಟೋಪಿ, ಕೋಟು, ಛತ್ರಿ ಎಷ್ಟಿವೆ ಲೆಕ್ಕ ಹಾಕಿ ನೋಡಿ.

‘ಯಾರಿಗೂ ಗೊತ್ತಿರಲಿಲ್ಲ’ ಅನ್ನೋದೂ ಅರ್ಧ ಸತ್ಯ. 1953ರಲ್ಲೇ ನ್ಯೂಯಾರ್ಕಿನ ಮ್ಯೂಸಿಯಂ ಆಫ್ ಮಾಡರ್ನ್ ಆರ್ಟ್‌ನಲ್ಲಿ ಎಡ್ವರ್ಡ್ ಸ್ಟೈಕನ್ ಅವನ ಕಪ್ಪು-ಬಿಳುಪು ಚಿತ್ರಗಳನ್ನ ತೂಗುಹಾಕಿದ್ದರು. ಬಣ್ಣದ್ದು ಡಬ್ಬಿಯಲ್ಲಿ ಉಳಿಯೋಕೆ ವೈರಾಗ್ಯವೊಂದೇ ಕಾರಣ ಅಲ್ಲ, ಆ ಕಾಲಕ್ಕೆ ಕಲರ್ ಪ್ರಿಂಟು ಭಾರೀ ದುಬಾರಿ. ಗೆಳೆಯರು ಬಂದರೆ ಗೋಡೆ ಮೇಲೆ ಸ್ಲೈಡ್ ಬಿಟ್ಟು ತೋರಿಸ್ತಿದ್ದ. 1981ರಲ್ಲಿ ಸ್ಟುಡಿಯೋ ಮುಚ್ಚಿದ ಮೇಲೆ ಅವನು ಪಟ್ಟ ದುಡ್ಡಿನ ಕಷ್ಟವನ್ನ ‘ಸರಳ ಜೀವನ’ ಅಂತ ಪೋಸ್ಟರ್ ಮಾಡಿ ಹಾಕೋರನ್ನ ಕಂಡರೆ ನನಗೆ ಸಿಟ್ಟು ಬರುತ್ತೆ. ಬಾಡಿಗೆ ಕಟ್ಟೋಕಾಗದೇ ಇರೋದು ಒಂದು ಸೌಂದರ್ಯಪ್ರಜ್ಞೆ ಅಲ್ಲ.

ಇಷ್ಟಾಗಿಯೂ ಚಿತ್ರಗಳು ದೊಡ್ಡವೇ. 1957ರ ‘ಥ್ರೂ ಬೋರ್ಡ್ಸ್’ ನೋಡಿ. ಮೇಲೆ ಕಪ್ಪು, ಕೆಳಗೆ ಕಪ್ಪು, ಹಲಗೆಗಳ ನಡುವಿನ ಒಂದು ಸಂದಿಯಲ್ಲಿ ಇಡೀ ಬೀದಿ. ಮರುವರ್ಷದ ‘ಕ್ಯಾನೊಪಿ’ಯಲ್ಲಿ ಮಳಿಗೆಯ ಕಪ್ಪು ಮಾಡು ಚಿತ್ರದ ಬಹುಭಾಗ ನುಂಗಿ ಹಾಕಿದೆ, ಕೆಳಗುಳಿದ ಪಟ್ಟಿಯಲ್ಲಿ ಹಿಮ ಮತ್ತು ನಡೆದು ಹೋಗ್ತಿರೋ ಒಬ್ಬ. ಮುಕ್ಕಾಲು ಪಾಲು ಏನೂ ಇಲ್ಲದೇ ಬಿಡೋದಕ್ಕೆ ಎದೆಗಾರಿಕೆ ಬೇಕು. ಉದ್ದದ ಲೆನ್ಸು ಹಾಕಿ ದೂರ-ಹತ್ತಿರ ಎಲ್ಲ ಒಂದೇ ಹಾಳೆಗೆ ಅಂಟಿಸಿದ ಹಾಗೆ ಮಾಡ್ತಿದ್ದ. ಎಷ್ಟೋ ಸಲ ಅವಧಿ ಮುಗಿದ ಅಗ್ಗದ ಫಿಲಂ ಬಳಸ್ತಿದ್ದ, ಬಣ್ಣ ಹೇಗೆ ಬರುತ್ತೋ ಅವನಿಗೇ ಗೊತ್ತಿರ್ತಿರಲಿಲ್ಲ. ನಾವು ಫೋನಿನಲ್ಲಿ ಫಿಲ್ಟರ್ ಹಾಕಿ ತರೋದು ಈ ಬಣ್ಣವನ್ನ ಮಾತ್ರ. ಅವೇ ನಾಲ್ಕು ಬೀದಿಗಳನ್ನ ದಶಕಗಟ್ಟಲೆ ಸುತ್ತಿದ್ದು ಫಿಲ್ಟರ್‌ನಲ್ಲಿ ಬರಲ್ಲ.

ನನ್ನ ತಕರಾರು ಬೇರೆ ಕಡೆ ಇದೆ. ಅದನ್ನ ಮೊದಲು ಹೇಳಿದ್ದು ನಾನಲ್ಲ, ನಮ್ಮಮ್ಮ. ಟೀ ಕುಡೀತಾ ಲ್ಯಾಪ್‌ಟಾಪಿನಲ್ಲಿ ಒಂದೊಂದೇ ತೋರಿಸ್ತಿದ್ದೆ. ಕಿಟಕಿಯಿಂದ ಕೆಳಗೆ ನೋಡಿ ತೆಗೆದದ್ದು, ಹಿಮದ ಮೇಲೆ ಕಪ್ಪು ಹೆಜ್ಜೆ, ಒಂದು ಕೆಂಪು ಛತ್ರಿ. ಟ್ಯಾಕ್ಸಿಯೊಳಗೆ ಪಟ್ಟಿ ಹಿಡಿದ ಒಂದು ಕೈ. ಗಾಜಿನ ಆಚೆ ಒಬ್ಬ, ಆವಿಯಲ್ಲಿ ಅರ್ಧ ಅಳಿಸಿಹೋದವನು. ಅಮ್ಮ ಎಲ್ಲ ನೋಡಿ, ‘ಚೆನ್ನಾಗಿದೆ ಕಣೋ. ಆದ್ರೆ ಯಾರ ಮುಖಾನೂ ಕಾಣ್ತಿಲ್ವಲ್ಲೋ?’ ಅಂದರು.

ಆಗ ನಕ್ಕುಬಿಟ್ಟೆ. ಈಗ ನೋಡಿದರೆ ಅದು ಪುಸ್ತಕಗಳ ಮುನ್ನುಡಿಗಳಿಗಿಂತ ಗಟ್ಟಿ ವಿಮರ್ಶೆ. ಲೈಟರ್‌ನ ಬಣ್ಣದ ಬೀದಿಯಲ್ಲಿ ಮನುಷ್ಯ ಬಹಳ ಸಲ ಒಂದು ಆಕಾರ, ಒಂದು ಬಣ್ಣದ ತುಂಡು. ಹಿಮದಲ್ಲಿ ಟಪಾಲು ಹಂಚೋನ ಕಾಲು ಸೋತಿದೆಯಾ ಅನ್ನೋದು ಚಿತ್ರಕ್ಕೆ ಬೇಕಾಗಿಲ್ಲ. ಅದೇ ಬಜಾರ್‌ಗೆ ದುಡಿದ ರಾಬರ್ಟ್ ಫ್ರಾಂಕ್ ಅದೇ ದಶಕದಲ್ಲಿ ಅಮೆರಿಕ ಸುತ್ತಿ ಟ್ರಾಮಿನ ಕಿಟಕಿಗಳಲ್ಲಿ ಮುಂದೆ ಬಿಳಿಯರು, ಹಿಂದೆ ಕರಿಯರು ಕೂತದ್ದನ್ನ ತೆಗೆದ. ಅಲ್ಲೂ ಕಿಟಕಿ, ಇಲ್ಲೂ ಕಿಟಕಿ. ಲೈಟರ್ ತಂಗಿ ಡೆಬೊರಾಳನ್ನ, ಜೊತೆಗಾತಿ ಸೋಮ್ಸ್ ಬ್ಯಾಂಟ್ರಿಯನ್ನ ತೆಗೆದಾಗ ಮುಖಗಳು ಬರ್ತವೆ, ಚೆನ್ನಾಗಿಯೇ ಬರ್ತವೆ. ಆದರೆ ನಾವು ನಕಲು ಮಾಡೋದು ಅವನ್ನಲ್ಲ.

ನಮ್ಮ ಮೈಸೂರಿನ ಟಿ.ಎಸ್. ಸತ್ಯನ್ ಹುಟ್ಟಿದ್ದೂ 1923ರ ಡಿಸೆಂಬರ್‌ನಲ್ಲೇ, ಲೈಟರ್‌ಗಿಂತ ಹದಿನೈದು ದಿನ ಚಿಕ್ಕವರು. ಅವರದು ಪೂರ್ತಿ ಅಸೈನ್‌ಮೆಂಟ್ ಬದುಕು, ಡೆಕ್ಕನ್ ಹೆರಾಲ್ಡ್‌ನಿಂದ ಯುನಿಸೆಫ್‌ವರೆಗೆ. 1979ರಲ್ಲಿ ಅವರು ತೆಗೆದ ಮಕ್ಕಳ ಚಿತ್ರಗಳನ್ನ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶಿಸಿದರು. ಅದೇ ಊರಲ್ಲಿ ಲೈಟರ್‌ನ ಡಬ್ಬಿಗಳು ಮುಚ್ಚಿ ಕೂತಿದ್ದವು. ಸತ್ಯನ್ ಚಿತ್ರಗಳಲ್ಲಿ ನೀವು ಮೊದಲು ನೋಡೋದು ಮುಖ. ಹಾಗಾಗಿಯೇ ಏನೋ, ಅವು ಇನ್‌ಸ್ಟಾಗ್ರಾಮಿನಲ್ಲಿ ಅಷ್ಟು ಓಡಲ್ಲ.

ಹೋದ ವರ್ಷ ಅಪ್ಪ ತೀರಿಕೊಂಡರು. ವೈಕುಂಠ ಸಮಾರಾಧನೆಗೆ ಹಾರ ಹಾಕೋಕೆ ಒಂದು ಫೋಟೋ ಬೇಕು ಅಂತ ಚಿಕ್ಕಪ್ಪ ಕೇಳಿದರು. ‘ನಿನ್ಹತ್ರ ಇರುತ್ತಲ್ಲಪ್ಪ, ಅದೇ ಕೆಲಸ ನಿಂದು’ ಅಂದರು. ರಾತ್ರಿ ಎರಡು ಹಾರ್ಡ್‌ಡಿಸ್ಕ್ ಜಾಲಾಡಿದೆ. ಅಪ್ಪ ಇದ್ದರು. ಮಳೆಯಲ್ಲಿ ಗಾಂಧಿ ಬಜಾರಿನಿಂದ ಬರ್ತಿರೋ ಅಪ್ಪನ ಬೆನ್ನು, ಛತ್ರಿ ಸಮೇತ. ಬಸ್ಸಿನ ಕಂಬಿ ಹಿಡಿದ ಅಪ್ಪನ ಕೈ, ಎಚ್‌ಎಂಟಿ ವಾಚು ಸ್ಪಷ್ಟವಾಗಿ ಫೋಕಸ್‌ನಲ್ಲಿದೆ. ಹೋಟೆಲಿನ ಗಾಜಿನ ಹಿಂದೆ ಕಾಫಿ ಲೋಟ ಎತ್ತಿದ ಅಪ್ಪ, ಮುಖದ ಮೇಲೆ ಸರಿಯಾಗಿ ಒಂದು ಪ್ರತಿಫಲನ. ನೇರವಾಗಿ ಕ್ಯಾಮೆರಾ ನೋಡಿದ್ದು ಒಂದೂ ಇರಲಿಲ್ಲ.

ಕೊನೆಗೆ ಸಿಕ್ಕಿದ್ದು ಅಮ್ಮನ ಬೀರುವಿನಲ್ಲಿ, ಪೆನ್ಷನ್ ಕಾಗದಪತ್ರದ ಜೊತೆ. ಪಾಸ್‌ಪೋರ್ಟ್ ಸೈಜಿಂದು, ನಮ್ಮ ಮನೆಯಿಂದ ಎರಡನೇ ತಿರುವಿನ ಸ್ಟುಡಿಯೋದಲ್ಲಿ ತೆಗೆಸಿದ್ದು. ನೀಲಿ ಪರದೆ, ನೇರ ಲೈಟು, ನೆರಳಿಲ್ಲ, ಕಾಂಪೊಸಿಷನ್ ಅಂತೂ ಕೇಳಲೇಬೇಡಿ. ಆ ಸ್ಟುಡಿಯೋದವರು ಅವತ್ತು ಇಂಥವು ಇನ್ನೆಷ್ಟು ತೆಗೆದಿದ್ದರೋ. ‘ಗದ್ದ ಸ್ವಲ್ಪ ಮೇಲೆ ಸಾರ್, ಇಲ್ಲಿ ನೋಡಿ’ ಅಂದಿರ್ತಾರೆ. ಅಪ್ಪ ನೋಡಿದಾರೆ.

ಹನ್ನೆರಡಕ್ಕೆ ಹದಿನೈದು ಇಂಚಿಗೆ ದೊಡ್ಡದು ಮಾಡಿಸಿ ಕಟ್ಟು ಹಾಕಿಸಿದೆವು. ಛತ್ರಿಯ ಫೋಟೋನ ಪಕ್ಕಕ್ಕೆ ಹಾಕೋಣವಾ ಅಂತ ಅಮ್ಮನ್ನ ಕೇಳಿದೆ. ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ‘ಇದು ಅವರೇ, ನನಗ್ ಗೊತ್ತಾಗುತ್ತೆ. ಬಂದೋರಿಗೆ ಗೊತ್ತಾಗಲ್ಲ’ ಅಂದು, ತಮ್ಮ ರೂಮಿನ ಬೀರುವಿನೊಳಗೆ ಇಟ್ಟುಕೊಂಡರು.